ಏಸಿ ಒಳಗೆ ಯುವಿ ಲೈಟ್ ಹಾಕೋದು: ಹಾಸನ, ಚಿಕ್ಕಮಗಳೂರು ಕಡೆಯೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೇಲಿ ಸೆಂಟ್ರಲ್ ಏಸಿ ಸರ್ವೀಸ್ ಮಾಡೋನು. ನರ್ಸಿಂಗ್ ಹೋಮು, ಕಲ್ಯಾಣ ಮಂಟಪ, ರೆಸಾರ್ಟು, ಆಫೀಸು, ಎಲ್ಲಾ ಕಡೆ ಹೋಗ್ತೀನಿ. ಏಸಿ ಒಳಗೆ ಕ್ರಿಮಿ ಸಾಯಿಸೋಕೆ ಹಾಕೋ ಯುವಿ (ಅಲ್ಟ್ರಾವಯೊಲೆಟ್, ಅಂದ್ರೆ ನೇರಳಾತೀತ) ಲೈಟ್ ಬಗ್ಗೆ ಫೋನಲ್ಲಿ, ವಾಟ್ಸಾಪಲ್ಲಿ, ಸೈಟಲ್ಲಿ ನಿಂತು ಟೀ ಕುಡೀತಾ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಿರ್ತಾರೆ, ಹಂಗಾಗಿ ಎಲ್ಲಾ ಒಂದು ಕಡೆ ಬರೆದಿಟ್ಟಿದೀನಿ. ಪ್ರಶ್ನೆಗಳು ಅವರು ಕೇಳಿದ ಧಾಟೀಲೇ ಇವೆ. ನಿಮಗೆ ಬೇಕಾದ್ದೊಂದನ್ನೇ ಓದ್ಕೊಂಡ್ರೂ ಅರ್ಥ ಆಗುತ್ತೆ.

## ಮೊದಲು ತಿಳ್ಕೊಳ್ಳೋದು

ಯುವಿ ಲೈಟ್ ಬಿಟ್ರೆ ಬ್ಯಾಕ್ಟೀರಿಯ ಸಾಯುತ್ತೆ ಅಂತಾರಲ್ಲ ಸಾರ್, ಬರೀ ಬೆಳಕಿಗೆ ಹೆಂಗೆ ಸಾಯುತ್ತೆ?

ಯುವಿಯಲ್ಲಿ ಎ, ಬಿ, ಸಿ ಅಂತ ಮೂರಿದೆ. ಕ್ರಿಮಿ ಸಾಯಿಸೋಕೆ ಬಳಸೋದು ಯುವಿ-ಸಿ, ಅಂದ್ರೆ 280 ನ್ಯಾನೋಮೀಟರ್‌ಗಿಂತ ಕಮ್ಮಿ ಉದ್ದದ ಬೆಳಕಿನ ಅಲೆ. ಮಾಮೂಲಿ ಪಾದರಸದ ಯುವಿ ಟ್ಯೂಬಿಂದ ಬರೋದು ಹೆಚ್ಚುಕಮ್ಮಿ 254 ನ್ಯಾನೋಮೀಟರ್. ಬ್ಯಾಕ್ಟೀರಿಯದ ಒಳಗಿನ ಡಿಎನ್‌ಎ ಬೆಳಕನ್ನ ಜಾಸ್ತಿ ಹೀರ್ಕೊಳ್ಳೋದು 260ರ ಆಸುಪಾಸಲ್ಲಿ, ಹಾಗಾಗಿ ಈ ಟ್ಯೂಬಿನ ಬೆಳಕು ಸರಿಯಾಗಿ ಅಲ್ಲಿಗೇ ಹೋಗಿ ಬಡಿಯುತ್ತೆ. ಬಡಿದಾಗ ಡಿಎನ್‌ಎ ಎಳೇಲಿ ಅಕ್ಕಪಕ್ಕ ಇರೋ ಥೈಮಿನ್ ಅನ್ನೋ ಎರಡು ತುಂಡು ಒಂದಕ್ಕೊಂದು ಅಂಟ್ಕೊಂಡು ಬಿಡುತ್ತವೆ, ಆಮೇಲೆ ಆ ಬ್ಯಾಕ್ಟೀರಿಯಕ್ಕೆ ತನ್ನ ಡಿಎನ್‌ಎ ಕಾಪಿ ಮಾಡೋಕಾಗಲ್ಲ, ಮರಿ ಹಾಕೋಕಾಗಲ್ಲ, ಅದರ ವಂಶ ಅಲ್ಲಿಗೆ ನಿಲ್ಲುತ್ತೆ. ಬಿಸಿಯಿಂದ ಸಾಯೋದಲ್ಲ ಇದು. ಬೆಳಕು ಮುಟ್ಟಿದ ಕಡೆ ಮಾತ್ರ ಕೆಲಸ, ನೆರಳಲ್ಲಿ ಇದ್ದದ್ದು ಹಾಗೇ ಇರುತ್ತೆ. ಈ ಒಂದು ಮಾತು ನೆನಪಿಟ್ಕೊಳ್ಳಿ, ಕೆಳಗಿನ ಅರ್ಧ ಉತ್ತರ ಅದರ ಮೇಲೇ ನಿಂತಿದೆ.

ಬಿಸಿಲಲ್ಲೂ ಯುವಿ ಇರುತ್ತಲ್ಲ, ಕಿಟಕಿ ತೆಗೆದು ಬಿಸಿಲು ಬಿಟ್ರೆ ಸಾಕಾಗಲ್ವಾ?

ಬಿಸಿಲಿಗೆ ಬ್ಯಾಕ್ಟೀರಿಯ ಬೆಳೆಯಲ್ಲ ಅಂತ ಇಂಗ್ಲೆಂಡಿನ ಡೌನ್ಸ್ ಮತ್ತೆ ಬ್ಲಂಟ್ 1877ರಲ್ಲೇ ತೋರಿಸಿದ್ರು. ಚರ್ಮದ ಟಿಬಿಗೆ ಬೆಳಕಿನ ಚಿಕಿತ್ಸೆ ಕೊಟ್ಟಿದ್ದಕ್ಕೆ ನೀಲ್ಸ್ ಫಿನ್ಸನ್ ಅವರಿಗೆ 1903ರಲ್ಲಿ ನೊಬೆಲ್ ಬಂತು. ಆದ್ರೆ ಸೂರ್ಯನ ಯುವಿ-ಸಿ ಭೂಮಿಗೆ ಬರೋದೇ ಇಲ್ಲ, ಮೇಲೆ ಓಝೋನ್ ಪದರ ತಡೆಯುತ್ತೆ. ನಮಗೆ ಸಿಗೋದು ಎ ಮತ್ತೆ ಸ್ವಲ್ಪ ಬಿ, ಅದು ನಿಧಾನ, ಕಿಟಕಿ ಗಾಜು ಮುಚ್ಚಿದ್ರೆ ಬಿ ಕೂಡ ಬಹುಪಾಲು ನಿಂತುಹೋಗುತ್ತೆ. ಹಾಗಂತ ಕಿಟಕಿ ತೆಗೆಯೋದು ಬೇಡ ಅಂತಲ್ಲ, ಹೊರಗಿನ ಗಾಳಿ ಒಳಗೆ ಬಂದ್ರೆ ರೂಮಿನ ಕ್ರಿಮಿ ಪ್ರಮಾಣ ತಾನಾಗೇ ಇಳಿಯುತ್ತೆ, ಆ ಲಾಭ ಬೆಳಕಿಂದಲ್ಲ ಗಾಳಿಯಿಂದ. ನಮ್ಮೂರ ಹವಾಗೆ ವರ್ಷದ ಅರ್ಧ ಭಾಗ ಕಿಟಕಿ ತೆಗೆದಿಟ್ಟೇ ಬದುಕಬಹುದು, ಅದನ್ನ ಬಿಟ್ಟು ಎಲ್ಲಾ ಮುಚ್ಚಿ ಏಸಿ ಹಾಕಿ ಆಮೇಲೆ ಯುವಿ ಹುಡುಕೋದು ನನಗೆ ಸರಿ ಕಾಣಲ್ಲ.

ಏಸಿ ಒಳಗೆ ಬ್ಯಾಕ್ಟೀರಿಯ ಎಲ್ಲಿಂದ ಬರುತ್ತೆ? ಅಷ್ಟು ತಣ್ಣಗಿರುತ್ತಲ್ಲ?

ತಣ್ಣಗಿದ್ರೂ ಒದ್ದೆ ಇರುತ್ತಲ್ಲ, ಅದೇ ಕಾರಣ. ಸೆಂಟ್ರಲ್ ಏಸೀಲಿ ಗಾಳಿ ತಣ್ಣಗಾಗೋದು ಏಎಚ್‌ಯು (ಏರ್ ಹ್ಯಾಂಡ್ಲಿಂಗ್ ಯೂನಿಟ್, ಗಾಳಿ ತಣ್ಣಗೆ ಮಾಡಿ ರೂಮುಗಳಿಗೆ ತಳ್ಳೋದು) ಪೆಟ್ಟಿಗೆ ಒಳಗಿನ ಕೂಲಿಂಗ್ ಕಾಯಿಲ್, ಅಂದ್ರೆ ತಣ್ಣನೆ ಕೊಳವೆ ಸುರುಳಿ ಮೇಲೆ. ಗಾಳೀಲಿರೋ ತೇವ ಅಲ್ಲಿ ನೀರಾಗಿ ಇಳಿದು ಕೆಳಗಿನ ಡ್ರೈನ್ ಪ್ಯಾನಿಗೆ ಬೀಳುತ್ತೆ. ಫಿಲ್ಟರ್ ತಪ್ಪಿಸ್ಕೊಂಡು ಬಂದ ಸಣ್ಣ ಧೂಳು, ಚರ್ಮದ ಹೊಟ್ಟು, ಬಟ್ಟೆ ನಾರು ಎಲ್ಲಾ ಆ ಒದ್ದೆ ಮೇಲೆ ಅಂಟುತ್ತೆ. ನೀರೂ ಇದೆ, ತಿನ್ನೋಕೂ ಇದೆ, ಕತ್ತಲೆನೂ ಇದೆ, ಬೆಳೆಯೋಕೆ ಇನ್ನೇನು ಬೇಕು.

ಆರಿದ್ರಾ ಮಳೆ ಹಿಡಿದು ಒಂದು ತಿಂಗಳಾದ ಮೇಲೆ ಸಕಲೇಶಪುರ, ಮೂಡಿಗೆರೆ ಕಡೆ ಸರ್ವೀಸ್ ಸರಿಯಾಗಿ ಆಗದೇ ಇರೋ ಯಾವುದಾದ್ರೂ ಏಎಚ್‌ಯು ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ. ಅಲ್ಯೂಮಿನಿಯಂ ಪಟ್ಟಿಗಳ ಸಂದೀಲಿ ಬೂದು ಬಣ್ಣದ ಒದ್ದೆ ಪದರ, ಬೆರಳಲ್ಲಿ ಎಳೆದ್ರೆ ಕಂಬಳಿ ತುಂಡಿನ ಥರ ಕಿತ್ತು ಬರುತ್ತೆ, ಪ್ಯಾನಿನ ಮೂಲೇಲಿ ನಸುಗೆಂಪು ಲೋಳೆ, ನೀರು ಹೋಗೋ ಪೈಪಿನ ಬಾಯಲ್ಲಿ ಅದೇ ಲೋಳೆ ಗಟ್ಟಿ ಕಟ್ಕೊಂಡು ನೀರು ನಿಂತಿರುತ್ತೆ. ಆ ಲೋಳೆನೇ ಬ್ಯಾಕ್ಟೀರಿಯ ಮತ್ತೆ ಬೂಷ್ಟಿನ ಮನೆ. ರೂಮಿಗೆ ಬರೋ ಗಾಳಿ ಅಷ್ಟೂ ಅದರ ಮೇಲಿಂದಲೇ ಹಾದು ಬರುತ್ತೆ. ಬೆಳಿಗ್ಗೆ ಏಸಿ ಆನ್ ಮಾಡಿದ ಮೊದಲ ಹತ್ತು ನಿಮಿಷ ಬರೋ ಮುಗ್ಗಲು ವಾಸನೆ ಅಲ್ಲಿಂದ.

ನಮ್ಮ ಮನೇಲಿ ಒಂದೂವರೆ ಟನ್ ಸ್ಪ್ಲಿಟ್ ಏಸಿ ಇದೆ ಅಣ್ಣ, ಅದಕ್ಕೂ ಹಾಕಿಸ್ಲಾ?

ಬೇಡ. ಹೆಚ್ಚಿನ ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರಲ್ಲ, ರೂಮಿನ ಗಾಳೀನೇ ತಿರುಗಿಸುತ್ತೆ. ಒಳಗೆ ಜಾಗ ಇಕ್ಕಟ್ಟು, ಬಾಡಿ ಎಲ್ಲಾ ಪ್ಲಾಸ್ಟಿಕ್ಕು, ಯುವಿ ಬಿದ್ದು ಅದು ಪುಡಿಪುಡಿ ಆಗೋಕೆ ಶುರುವಾಗುತ್ತೆ, ಬೆಳಕು ಗ್ರಿಲ್ಲಿಂದ ಹೊರಗೆ ಬಂದ್ರೆ ಮಲಗಿರೋರ ಕಣ್ಣಿಗೆ ಅಪಾಯ. ಕಂಪನಿಯೇ ವಿನ್ಯಾಸ ಮಾಡಿ ಕೂರಿಸಿರೋದಾದ್ರೆ ಬೇರೆ ಮಾತು, ಹೊರಗಿಂದ ತಂದು ಸಿಕ್ಕಿಸೋದು ಬೇಡ. ಹದಿನೈದು ದಿನಕ್ಕೊಂದ್ಸಲ ಜಾಲರಿ ಫಿಲ್ಟರ್ ತೊಳೀರಿ, ವರ್ಷಕ್ಕೊಂದ್ಸಲ ನೀರಿನ ಜೆಟ್ ಸರ್ವೀಸ್ ಮಾಡಿಸಿ, ಆಫ್ ಮಾಡೋ ಮುಂಚೆ ಅರ್ಧ ಗಂಟೆ ಬರೀ ಫ್ಯಾನ್ ಮೋಡಲ್ಲಿ ಓಡಿಸಿ ಕಾಯಿಲ್ ಒಣಗಿಸಿ. ಮನೆಗೆ ಇಷ್ಟು ಸಾಕು.

ಇದು ಕೊರೋನಾ ಟೈಮಲ್ಲಿ ಹುಟ್ಕೊಂಡಿದ್ದು ತಾನೆ?

ಅಲ್ಲ, ನೂರು ವರ್ಷದ ಹತ್ತಿರದ ವಿದ್ಯೆ. ಅಮೆರಿಕದಲ್ಲಿ ವಿಲಿಯಂ ವೆಲ್ಸ್ ಅನ್ನೋರು 1930ರ ದಶಕದಲ್ಲೇ ಗಾಳೀಲಿ ತೇಲೋ ಕ್ರಿಮಿ ಮೇಲೆ ಯುವಿ ಬಿಟ್ಟು ನೋಡಿದ್ರು, ಫಿಲಡೆಲ್ಫಿಯಾ ಕಡೆ ಶಾಲೆ ರೂಮುಗಳಲ್ಲಿ ಯುವಿ ಹಾಕಿ ದಡಾರ ಹರಡೋದು ಕಮ್ಮಿ ಆಗುತ್ತಾ ಅಂತ ನೋಡಿದ್ರು. ಆಮೇಲೆ 1950ರ ದಶಕದಲ್ಲಿ ಬಾಲ್ಟಿಮೋರ್‌ನ ಆಸ್ಪತ್ರೇಲಿ ರಿಚರ್ಡ್ ರೈಲಿ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ಟಿಬಿ ವಾರ್ಡಿನಿಂದ ಹೊರಗೆ ಹೋಗೋ ಗಾಳಿಯನ್ನ ಡಕ್ಟ್ (ಗಾಳಿ ಹಾಯೋ ದೊಡ್ಡ ಕೊಳವೆ) ಮೂಲಕ ಗಿನಿಪಿಗ್ ಗೂಡಿಗೆ ಬಿಟ್ರು, ಗಿನಿಪಿಗ್‌ಗಳಿಗೆ ಒಂದೊಂದಾಗಿ ಟಿಬಿ ಬಂತು. ಅದೇ ಗಾಳೀನ ದಾರೀಲಿ ಯುವಿ ಹಾಯಿಸಿ ಇನ್ನೊಂದು ಗೂಡಿಗೆ ಬಿಟ್ರು, ಅಲ್ಲಿ ಒಂದಕ್ಕೂ ಬರಲಿಲ್ಲ. ಟಿಬಿ ಗಾಳೀಲೇ ಹರಡುತ್ತೆ ಅನ್ನೋದಕ್ಕೂ, ಡಕ್ಟ್ ಒಳಗಿನ ಯುವಿ ಅದನ್ನ ತಡೆಯುತ್ತೆ ಅನ್ನೋದಕ್ಕೂ ಒಟ್ಟಿಗೆ ಸಾಕ್ಷಿ ಸಿಕ್ತು. ನಮ್ಮ ದೇಶದಲ್ಲಿ ಜನರ ಕಿವಿಗೆ ಬಿದ್ದಿದ್ದು 2021ರಲ್ಲಿ, ಚಂಡೀಗಢದ ಸಿಎಸ್‌ಐಆರ್-ಸಿಎಸ್‌ಐಒ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ತಯಾರು ಮಾಡಿದ ಯುವಿ-ಸಿ ವ್ಯವಸ್ಥೆಯನ್ನ ಪಾರ್ಲಿಮೆಂಟಿಗೆ ಹಾಕಿಸ್ತಾರೆ ಅಂತ ಸುದ್ದಿ ಬಂದಾಗ.

## ಹಾಕ್ಸೋ ಮುಂಚೆ ಕೇಳೋದು

ಟ್ಯೂಬ್ ಎಲ್ಲಿ ಹಾಕ್ಬೇಕು? ಒಬ್ರು ಕಾಯಿಲ್ ಹತ್ರ ಅಂತಾರೆ, ಇನ್ನೊಬ್ರು ಡಕ್ಟಲ್ಲಿ ಅಂತಾರೆ.

ಎರಡೂ ಇದೆ, ಆದ್ರೆ ಎರಡರ ಕೆಲಸ ಬೇರೆ ಬೇರೆ, ಕೊಟೇಶನ್ ಕೊಡೋರು ಇದನ್ನ ಬಿಡಿಸಿ ಹೇಳಲ್ಲ, ಅದಕ್ಕೇ ಇಲ್ಲಿ ಲೆಕ್ಕ ಹಾಕಿ ತೋರಿಸ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ಯುವಿ ಕೆಲಸದ ಲೆಕ್ಕ ಸುಲಭ: ಬೆಳಕಿನ ತೀವ್ರತೆಯನ್ನ ಸಮಯದಿಂದ ಗುಣಿಸಿದ್ರೆ ಡೋಸ್ ಸಿಗುತ್ತೆ. ಕಾಯಿಲ್ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 100 ಮೈಕ್ರೋವ್ಯಾಟ್ ಬೀಳೋ ಹಾಗೆ ಟ್ಯೂಬ್ ಕೂರಿಸಿದೀವಿ ಅಂತಿಟ್ಕೊಳ್ಳಿ. ಕಾಯಿಲ್ ಎಲ್ಲೂ ಹೋಗಲ್ಲ, ದಿನದ 24 ಗಂಟೆ ಅಂದ್ರೆ 86,400 ಸೆಕೆಂಡು ಅಲ್ಲೇ ಇರುತ್ತೆ. ಗುಣಿಸಿ, ಪ್ರತಿ ಚದರ ಸೆಂಟಿಮೀಟರಿಗೆ ದಿನಕ್ಕೆ 8,640 ಮಿಲಿಜೂಲ್ (ಮುಂದೆ ಹೇಳೋ ಡೋಸೆಲ್ಲಾ ಇದೇ ಚದರ ಸೆಂಟಿಮೀಟರ್ ಲೆಕ್ಕ). ಮನೆಯ ಕುಡಿಯೋ ನೀರಿನ ಯುವಿ ಫಿಲ್ಟರಿಗೆ ಬಳಸೋ ಒಂದು ಮಾನದಂಡವೇ 40 ಮಿಲಿಜೂಲ್. ಅಂದ್ರೆ ಕಾಯಿಲ್ ಮೇಲೆ ಬೆಳಕಿಗೆ ಸಿಕ್ಕ ಬ್ಯಾಕ್ಟೀರಿಯಕ್ಕೆ ಉಳಿಗಾಲ ಇಲ್ಲ.

ಈಗ ಗಾಳೀಲಿ ಹೋಗ್ತಿರೋ ಬ್ಯಾಕ್ಟೀರಿಯ ತಗೊಳ್ಳಿ. ಏಎಚ್‌ಯು ಒಳಗೆ ಗಾಳಿ ಸೆಕೆಂಡಿಗೆ ಸುಮಾರು 2.5 ಮೀಟರ್ ಓಡುತ್ತೆ. ಬೆಳಕು ಬೀಳೋ ಜಾಗ 60 ಸೆಂಟಿಮೀಟರ್ ಇದ್ರೆ ಅದು ಅಲ್ಲಿ ಇರೋದು ಕಾಲು ಸೆಕೆಂಡು. ಅದೇ 100 ಮೈಕ್ರೋವ್ಯಾಟಲ್ಲಿ ಸಿಗೋ ಡೋಸ್ 0.025 ಮಿಲಿಜೂಲ್, ಏನಕ್ಕೂ ಸಾಲಲ್ಲ. ಗಾಳಿಯನ್ನೇ ಶುದ್ಧ ಮಾಡ್ಬೇಕು ಅಂದ್ರೆ ಟ್ಯೂಬುಗಳ ಸಂಖ್ಯೆ ಎಷ್ಟೋ ಪಟ್ಟು ಜಾಸ್ತಿ ಬೇಕು, ಸುತ್ತ ಒಳಗೋಡೆಗೆ ಹೊಳೆಯೋ ಅಲ್ಯೂಮಿನಿಯಂ ಹಾಳೆ ಹಾಕಿ ಬೆಳಕು ವಾಪಸ್ ಬಡಿಯೋ ಹಾಗೆ ಮಾಡ್ಬೇಕು, ನೇರ ಡಕ್ಟ್ ಉದ್ದ ಸಿಗ್ಬೇಕು. ಗಾಳಿ ಸುತ್ತಿ ಸುತ್ತಿ ಮತ್ತೆ ಅದೇ ಏಎಚ್‌ಯುಗೆ ಬರೋದ್ರಿಂದ ಪ್ರತಿ ಸುತ್ತಿಗೂ ಇಷ್ಟಿಷ್ಟು ಕಮ್ಮಿ ಆಗ್ತಾ ಹೋಗುತ್ತೆ, ಅದು ನಿಜ. ಆದ್ರೂ ಎರಡು ಟ್ಯೂಬ್ ಸಿಕ್ಕಿಸಿ ಗಾಳಿ ಪೂರ್ತಿ ಕ್ರಿಮಿಮುಕ್ತ ಅಂತ ಯಾರಾದ್ರೂ ಹೇಳಿದ್ರೆ ಈ ಲೆಕ್ಕ ಅವರ ಮುಂದೆ ಇಡಿ.

ನನ್ನ ಅಭಿಪ್ರಾಯ ಕೇಳಿದ್ರೆ ನಮ್ಮ ಕಡೆ ಬಿಲ್ಡಿಂಗುಗಳಿಗೆ ಕಾಯಿಲ್ ಮೇಲೆ ಬಿಡೋದೇ ದುಡ್ಡಿಗೆ ತಕ್ಕ ಕೆಲಸ. ಗಾಳಿ ಕಾಯಿಲ್ ದಾಟಿ ಹೊರಬರೋ ಬದಿಗೆ ಕೂರಿಸಿದ್ರೆ ಡ್ರೈನ್ ಪ್ಯಾನಿಗೂ ಬೆಳಕು ಬೀಳುತ್ತೆ, ಲೋಳೆ ಕಟ್ಟೋ ಜಾಗನೇ ಅದು.

ಯುವಿ ಹಾಕಿದ್ಮೇಲೆ ಫಿಲ್ಟರ್ ಬದಲಾಯಿಸೋ ಖರ್ಚು ಉಳಿಯುತ್ತೆ ಅಲ್ವಾ?

ಉಳಿಯಲ್ಲ. ಧೂಳಿನ ಕಣದ ಹಿಂದೆ ಕೂತ ಬ್ಯಾಕ್ಟೀರಿಯಕ್ಕೆ ಬೆಳಕು ಮುಟ್ಟಲ್ಲ, ಟ್ಯೂಬ್ ಮೇಲೆ ಧೂಳು ಕೂತ್ರೆ ಬೆಳಕೇ ಹೊರಗೆ ಬರಲ್ಲ. ಯುವಿ ಇರೋ ಕಡೆ ಫಿಲ್ಟರ್ ಇನ್ನೂ ಚೆನ್ನಾಗಿರ್ಬೇಕು. ನಮ್ಮಲ್ಲೇ ಎರಡು ಥರ ಇದೆ ನೋಡಿ, ಅರಸೀಕೆರೆ, ಕಡೂರು ಬಯಲುಸೀಮೆ ಕಡೆ ಧೂಳಿನ ಕಾಟ, ಅಲ್ಲಿ ಮೊದಲ ದುಡ್ಡು ಫಿಲ್ಟರಿಗೆ ಹೋಗ್ಲಿ. ಮಲೆನಾಡು ಕಡೆ ಧೂಳು ಕಮ್ಮಿ, ತೇವ ಜಾಸ್ತಿ, ಕಾಯಿಲ್ ಯುವಿ ಉಪಯೋಗಕ್ಕೆ ಬರೋದು ಅಲ್ಲಿ. ಕಾಫಿ ಕ್ಯೂರಿಂಗ್ ಪಕ್ಕದ ಆಫೀಸುಗಳಿಗೆ ಹೊಟ್ಟಿನ ಧೂಳು ಸೀಸನ್‌ನಲ್ಲಿ ವಿಪರೀತ, ಅಂಥ ಕಡೆ ಹೊರಗಾಳಿ ಒಳಗೆ ಬರೋ ಬಾಯಿಗೇ ಒಂದು ಪ್ರೀ-ಫಿಲ್ಟರ್ ಬೇಕೇ ಬೇಕು.

ನಮ್ಮದು ಸಣ್ಣ ನರ್ಸಿಂಗ್ ಹೋಮ್ ಸಾರ್, ಓಟಿ (ಆಪರೇಷನ್ ಥಿಯೇಟರ್) ಗೋಡೆ ಮೇಲೆ ಯುವಿ ಟ್ಯೂಬ್ ಇದೆ, ರಾತ್ರಿ ಆನ್ ಮಾಡಿ ಬಿಡ್ತೀವಿ, ಅಷ್ಟು ಸಾಕಲ್ವಾ?

ಆ ಟ್ಯೂಬ್ ತಪ್ಪಲ್ಲ, ಆದ್ರೆ ಅದರ ಮೇಲೆ ಇಟ್ಟಿರೋ ನಂಬಿಕೆ ಜಾಸ್ತಿ ಆಯ್ತು. ಗೋಡೆಯಿಂದ ದೂರ ಹೋದಷ್ಟೂ ಬೆಳಕು ಇಳಿಯುತ್ತೆ, ಟೇಬಲ್ ಕೆಳಗೆ, ಟ್ರಾಲಿ ಹಿಂದೆ, ಓಟಿ ಲೈಟಿನ ಮೇಲ್ಭಾಗದಲ್ಲಿ ನೆರಳು. ಎಷ್ಟೋ ಕಡೆ ಆ ಟ್ಯೂಬ್ ಹಾಕಿದ್ದು ಯಾವಾಗ ಅಂತ ಯಾರಿಗೂ ಗೊತ್ತಿರಲ್ಲ, ನೀಲಿ ಬೆಳಕು ಬರ್ತಿದೆ ಅಷ್ಟೇ. ಎಲ್ಲಕ್ಕಿಂತ ಮುಖ್ಯ, ಬೆಳಿಗ್ಗೆ ಟ್ಯೂಬ್ ಆಫ್ ಮಾಡಿ ಏಸಿ ಹಾಕಿದ ಕ್ಷಣದಿಂದ ಓಟಿಗೆ ಬರೋ ಗಾಳಿ ಏಎಚ್‌ಯು ಕಾಯಿಲ್ ಮೇಲಿಂದ ಬರುತ್ತೆ, ಆಪರೇಷನ್ ನಡೀವಾಗ ಗೋಡೆ ಟ್ಯೂಬ್ ಆಫ್ ಆಗಿರುತ್ತೆ.

ಓಟಿಗೆ ಬೇಕಿರೋದು ಹೆಪಾ ಫಿಲ್ಟರ್ (ಬ್ಯಾಕ್ಟೀರಿಯದಷ್ಟು ಸಣ್ಣ ಕಣನೂ ಹಿಡಿಯೋದು), ಒಳಗಿನ ಒತ್ತಡ ಕಾರಿಡಾರಿಗಿಂತ ಸ್ವಲ್ಪ ಜಾಸ್ತಿ, ಮತ್ತೆ ಸಾಕಷ್ಟು ಗಾಳಿ ಬದಲಾವಣೆ. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡೋ ಎನ್‌ಎಬಿಎಚ್ ಮಾರ್ಗಸೂಚೀಲಿ ಗಂಟೆಗೆ ಕನಿಷ್ಠ 20 ಸಲ, ಅದರಲ್ಲಿ 4 ಸಲ ಹೊರಗಿನ ತಾಜಾ ಗಾಳಿ ಅಂತ ಇದೆ. ಇದು ಸರಿ ಇದ್ದು ಅದರ ಮೇಲೆ ಕಾಯಿಲಿಗೆ ಯುವಿ ಹಾಕಿದ್ರೆ ಹೆಪಾಗೆ ಬರೋ ಹೊರೆ ಇಳಿಯುತ್ತೆ. ಇದು ಸರಿ ಇಲ್ದೆ ಬರೀ ಯುವಿ ಹಾಕಿದ್ರೆ ಪೇಷಂಟಿಗೆ ಏನೂ ಲಾಭ ಇಲ್ಲ. ಇನ್ನೊಂದು, ಗೋಡೆ ಟ್ಯೂಬಿನ ಸ್ವಿಚ್ ಓಟಿ ಬಾಗಿಲ ಹೊರಗಿರ್ಬೇಕು. ಡ್ಯೂಟಿ ಸಿಸ್ಟರ್ ಒಳಗೆ ಬಂದು ಉರಿಯೋ ಟ್ಯೂಬ್ ಕೆಳಗೆ ನಿಂತು ಆಫ್ ಮಾಡೋ ಪರಿಸ್ಥಿತಿ ಇದ್ರೆ ದಯವಿಟ್ಟು ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಸ್ವಿಚ್ ಹೊರಗೆ ಹಾಕಿಸಿ.

ಹೋಮ್‌ಸ್ಟೇ ರೂಮು ಮಳೆಗಾಲದಲ್ಲಿ ಒದ್ದೆ ಗೋಣಿಚೀಲದ ಥರ ವಾಸನೆ ಬರುತ್ತೆ, ಯುವಿ ಹಾಕಿದ್ರೆ ಹೋಗುತ್ತಾ?

ಹೋಗಲ್ಲ. ಅದು ಗೋಡೆ, ಹಾಸಿಗೆ, ಪರದೆ, ಮರದ ಬೀರು ಹಿಂದಿನ ಬೂಷ್ಟು. ನಿಮ್ಮಲ್ಲಿ ಡಕ್ಟೇ ಇಲ್ಲ, ಯುವಿ ಎಲ್ಲಿ ಹಾಕ್ತೀರ. ಗೋಡೆಗೆ ನೀರು ಎಲ್ಲಿಂದ ಇಳೀತಿದೆ ನೋಡಿ, ಬಾತ್‌ರೂಮಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ ಗೆಸ್ಟ್ ಇಲ್ದಾಗಲೂ ಓಡಿಸಿ, ಬೀರುವನ್ನ ಗೋಡೆಯಿಂದ ನಾಲ್ಕು ಇಂಚು ಮುಂದೆ ಎಳೀರಿ, ಆಗೋದಾದ್ರೆ ಡಿಹ್ಯುಮಿಡಿಫೈಯರ್ (ಗಾಳೀಲಿರೋ ತೇವ ಎಳೆಯೋ ಮಿಷಿನ್ನು) ಒಂದು ಇಡಿ.

ಕರೆಂಟ್ ಬಿಲ್ ಎಷ್ಟು ಜಾಸ್ತಿ ಆಗುತ್ತೆ? ಏಸಿ ಆಫ್ ಇದ್ದಾಗಲೂ ಲೈಟ್ ಉರೀಬೇಕಾ?

36 ವ್ಯಾಟಿನ ನಾಲ್ಕು ಟ್ಯೂಬ್ ಅಂದ್ರೆ 144 ವ್ಯಾಟ್, 24 ಗಂಟೆ ಉರಿದ್ರೆ ದಿನಕ್ಕೆ ಮೂರೂವರೆ ಯೂನಿಟ್ಟು, ತಿಂಗಳಿಗೆ 105 ಯೂನಿಟ್ ಹತ್ರ, ಚೋಕಿಗೆ ಇನ್ನೊಂಚೂರು ಸೇರಿಸ್ಕೊಳ್ಳಿ. ಆಸ್ಪತ್ರೆ, ಆಫೀಸಲ್ಲಿ ಏಸಿ ರಾತ್ರಿ ಆಫ್ ಆದ್ರೂ ಕಾಯಿಲ್ ಒದ್ದೆಯಾಗೇ ಇರುತ್ತೆ, ಕ್ರಿಮಿ ಬೆಳೆಯೋದು ಆಗಲೇ, ಹಂಗಾಗಿ ಲೈಟ್ ಉರೀತಿರ್ಲಿ. ಕಾಯಿಲ್ ಕೊಳೆ ಕಟ್ಟದೇ ಇದ್ರೆ ಗಾಳಿ ಸಲೀಸಾಗಿ ಹಾಯುತ್ತೆ, ಗಾಳಿ ತಳ್ಳೋ ಬ್ಲೋವರ್ ಫ್ಯಾನಿನ ಹೊರೆ ಇಳಿಯುತ್ತೆ, ಈ ಖರ್ಚಲ್ಲಿ ಸ್ವಲ್ಪ ಅಲ್ಲಿ ವಾಪಸ್ ಬರುತ್ತೆ.

ಕಲ್ಯಾಣ ಮಂಟಪದ ಲೆಕ್ಕ ಬೇರೆ. ಆಷಾಢದಲ್ಲಿ ಮದುವೆ ಇಲ್ಲ, ಏಸಿ ವಾರಗಟ್ಟಲೆ ನಿಂತಿರುತ್ತೆ. ನಿಲ್ಲಿಸೋ ದಿನ ಒಂದು ಗಂಟೆ ಬರೀ ಬ್ಲೋವರ್ ಓಡಿಸಿ ಒಣಗಿಸಿ, ಪ್ಯಾನಿನ ನೀರು ಖಾಲಿ ಮಾಡಿ ಒರೆಸಿ ಇಟ್ರೆ ಯುವಿ ಇಲ್ದೇನೇ ನಡೆಯುತ್ತೆ. ಅಂಥ ಕಡೆ ನಾನು ಹಾಕ್ಸಿ ಅಂತ ಹೇಳೋದೇ ಇಲ್ಲ.

ಆನ್‌ಲೈನಲ್ಲಿ ಕಮ್ಮಿ ರೇಟಿಗೆ ಯುವಿ ಸ್ಟ್ರಿಪ್ ಸಿಗುತ್ತಲ್ಲ ಬ್ರದರ್, ಅದೇ ತರಿಸ್ಲಾ?

ಪೆಟ್ಟಿಗೆ ಮೇಲೆ ಎಷ್ಟು ನ್ಯಾನೋಮೀಟರ್ ಅಂತ ನೋಡಿ. 365, 395, 405 ಅಂತಿದ್ರೆ ಅದು ನೋಟು ಚೆಕ್ ಮಾಡೋ ಲೈಟು, ಬಣ್ಣ ನೇರಳೆ ಕಂಡ ಮಾತ್ರಕ್ಕೆ ಈ ಕೆಲಸಕ್ಕೆ ಆಗಲ್ಲ. ಅಲೆಯ ಉದ್ದನೇ ಬರೆದಿಲ್ಲ ಅಂದ್ರೆ ಬಿಟ್ಟುಬಿಡಿ. ಟ್ಯೂಬ್ ಗಾಜು ಮಾಮೂಲಿ ಗಾಜಾದ್ರೆ ಯುವಿ-ಸಿ ಹೊರಗೇ ಬರಲ್ಲ, ಕ್ವಾರ್ಟ್ಜ್ ಅಥವಾ ಅದಕ್ಕಂತಲೇ ಮಾಡಿದ ವಿಶೇಷ ಗಾಜು ಇರ್ಬೇಕು.

## ಹಾಕ್ಸಿದ ಮೇಲೆ ಬರೋ ಪ್ರಶ್ನೆಗಳು

ಎರಡು ವರ್ಷ ಆಯ್ತು, ಇನ್ನೂ ಚೆನ್ನಾಗಿ ಉರೀತಿದೆ, ಯಾಕೆ ಬದಲಾಯಿಸ್ಬೇಕು?

ಕಣ್ಣಿಗೆ ಕಾಣೋ ನೀಲಿಗೂ ಕ್ರಿಮಿ ಸಾಯಿಸೋ ಯುವಿ-ಸಿಗೂ ಸಂಬಂಧ ಇಲ್ಲ, ಯುವಿ-ಸಿ ನಮ್ಮ ಕಣ್ಣಿಗೆ ಕಾಣೋದೇ ಇಲ್ಲ. ಸಾಮಾನ್ಯವಾಗಿ ಟ್ಯೂಬಿನ ಆಯಸ್ಸು 9,000 ಗಂಟೆ ಅಂತ ಹಿಡೀತಾರೆ, ನಿಲ್ಲಿಸದೇ ಉರಿಸಿದ್ರೆ ಒಂದು ವರ್ಷದ ಲೆಕ್ಕ. ಅಷ್ಟೊತ್ತಿಗೆ ಯುವಿ-ಸಿ ಸುಮಾರು 80 ಪರ್ಸೆಂಟಿಗೆ ಇಳಿದಿರುತ್ತೆ, ಆಮೇಲೂ ಇಳೀತಾನೇ ಹೋಗುತ್ತೆ, ನೀಲಿ ಮಾತ್ರ ಹಾಗೇ ಕಾಣ್ತಿರುತ್ತೆ. ಹಾಕಿದ ತಾರೀಖನ್ನ ಮಾರ್ಕರಲ್ಲಿ ಏಎಚ್‌ಯು ಬಾಗಿಲ ಮೇಲೇ ಬರೀರಿ. ರಿಜಿಸ್ಟರಲ್ಲಿ ಬರೆದಿದ್ದು ಯಾರೂ ತೆಗೆದು ನೋಡಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಜನರೇಟರಿಗೆ ಬದಲಾಗಿ ಮತ್ತೆ ಲೈನಿಗೆ ಬಂದು ಹೀಗೇ ನಡೀತಿರುತ್ತೆ, ಟ್ಯೂಬಿಗಿಂತ ಮೊದಲು ಎಲೆಕ್ಟ್ರಾನಿಕ್ ಚೋಕ್ ಸುಟ್ಟುಹೋಗುತ್ತೆ. ಸರ್ಜ್ ತಡೆಯೋ ಸಾಧನ ಒಂದು ಹಾಕ್ಸಿ, ಬಾಗಿಲ ಹೊರಗೆ ಪ್ರತಿ ಟ್ಯೂಬಿಗೂ ಒಂದು ಇಂಡಿಕೇಟರ್ ಲೈಟ್ ಇಡ್ಸಿ, ಆಗ ಬಾಗಿಲು ತೆಗೀದೇ ಯಾವುದು ಹೋಗಿದೆ ಗೊತ್ತಾಗುತ್ತೆ.

ಟ್ಯೂಬ್ ಒರೆಸ್ಬೇಕಾ?

ಮೂರು ತಿಂಗಳಿಗೊಂದ್ಸಲ. ಪವರ್ ಆಫ್ ಮಾಡಿ, ಆರಿದ ಮೇಲೆ, ಗ್ಲೌಸ್ ಹಾಕ್ಕೊಂಡು, ನಾರು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಬರಿಗೈಲಿ ಮುಟ್ಟಿದ್ರೆ ಬೆರಳಿನ ಎಣ್ಣೆ ಕೂತು ಆ ಜಾಗದಲ್ಲಿ ಬೆಳಕು ತಡೆಯುತ್ತೆ.

ಲೈಟ್ ಉರೀತಿದ್ದಾಗ ಒಂದು ನಿಮಿಷ ಬಾಗಿಲು ತೆಗೆದು ನೋಡಿದ್ರೆ ಏನಾಗುತ್ತೆ?

ವೆಲ್ಡಿಂಗ್ ಬರಿಗಣ್ಣಲ್ಲಿ ನೋಡಿದೋರಿಗೆ ರಾತ್ರಿ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿಯುತ್ತಲ್ಲ, ಇದೂ ಅದೇ ಕಾಯಿಲೆ. ಆ ಹೊತ್ತಲ್ಲಿ ಏನೂ ಗೊತ್ತಾಗಲ್ಲ, ಐದಾರು ಗಂಟೆ ಬಿಟ್ಟು ಶುರುವಾಗುತ್ತೆ, ಅಷ್ಟೊತ್ತಿಗೆ ಮನೆಗೆ ಹೋಗಿ ಮಲಗಿರ್ತೀರ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ವಾಸಿ ಆಗುತ್ತೆ, ಆದ್ರೂ ಕಣ್ಣಿನ ಡಾಕ್ಟರಿಗೆ ತೋರಿಸಿ, ಮೆಡಿಕಲ್ ಶಾಪಿನ ಡ್ರಾಪ್ಸ್ ತಂದು ಹಾಕ್ಕೋಬೇಡಿ. 254 ನ್ಯಾನೋಮೀಟರಿಗೆ ಬಹಳ ವರ್ಷದಿಂದ ಬಳಕೇಲಿರೋ ಮಿತಿ ದಿನದ 8 ಗಂಟೆ ಕೆಲಸಕ್ಕೆ ಒಟ್ಟು 6 ಮಿಲಿಜೂಲ್. ಮೇಲೆ ಹೇಳಿದ 100 ಮೈಕ್ರೋವ್ಯಾಟಲ್ಲಿ ಲೆಕ್ಕ ಹಾಕಿ, ಒಂದೇ ನಿಮಿಷಕ್ಕೆ ಮುಗೀತು. ಟ್ಯೂಬಿಗೆ ಹತ್ತಿರ ಹೋದ್ರೆ ಕೆಲವೇ ಸೆಕೆಂಡು. ಚರ್ಮನೂ ಕೆಂಪಾಗುತ್ತೆ.

ಬಾಗಿಲು ತೆಗೆದ ತಕ್ಷಣ ಲೈಟ್ ಆಫ್ ಆಗೋ ಡೋರ್ ಸ್ವಿಚ್ ಇಲ್ದೆ ಯಾರಾದ್ರೂ ಯುವಿ ಕೂರಿಸಿದ್ರೆ ಬಿಲ್ ಪಾಸ್ ಮಾಡ್ಬೇಡಿ. ಆ ಸ್ವಿಚ್ಚಿಗೆ ಟೇಪ್ ಸುತ್ತಿ ಬೈಪಾಸ್ ಮಾಡಿರೋದು ಕಂಡ್ರೆ ಮೊದಲು ಅದನ್ನ ಕೀಳಿ. ಫಿಲ್ಟರ್ ತೊಳೆಯೋಕೆ ಬರೋ ಹುಡುಗ್ರಿಗೆ ಇದರ ಬಗ್ಗೆ ಯಾರೂ ಹೇಳಿರಲ್ಲ, ಕಣ್ಣು ಹೋಗೋದು ಅವರದ್ದು. ಒಳಗೆ ನೋಡಲೇಬೇಕು ಅಂದ್ರೆ ಒಂದು ಸಣ್ಣ ಗಾಜಿನ ಕಿಂಡಿ ಇಡ್ಸಿ, ಮಾಮೂಲಿ ಗಾಜು ಯುವಿ-ಸಿ ತಡೆಯುತ್ತೆ.

ಟ್ಯೂಬ್ ಕೈಜಾರಿ ಒಡೆದ್ರೆ?

ಒಳಗೆ ಸ್ವಲ್ಪ ಪಾದರಸ ಇರುತ್ತೆ. ಮೊದಲು ಬ್ಲೋವರ್ ಆಫ್ ಮಾಡಿ, ಇಲ್ಲಾಂದ್ರೆ ಆವಿ ಎಲ್ಲಾ ರೂಮಿಗೂ ಹೋಗುತ್ತೆ. ಅಲ್ಲಿದ್ದೋರು ಹೊರಗೆ ಹೋಗಿ, ಕಿಟಕಿ ತೆಗೆದು ಹತ್ತು ಹದಿನೈದು ನಿಮಿಷ ಬಿಡಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ. ಗ್ಲೌಸ್ ಹಾಕಿ ದಪ್ಪ ರಟ್ಟಲ್ಲಿ ಬಾಚಿ, ಚೂರನ್ನ ಟೇಪಲ್ಲಿ ಎತ್ತಿ, ಮುಚ್ಚಳ ಇರೋ ಡಬ್ಬಕ್ಕೆ ಹಾಕಿ ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ. ಹಳೇ ಟ್ಯೂಬುಗಳಿಗೂ ಇದೇ ದಾರಿ, ತೋಟದ ಗುಂಡಿಗೆ ಎಸೀಬೇಡಿ.

ವೈರು, ಫಿಲ್ಟರು ಎಲ್ಲಾ ಹಾಳಾಗುತ್ತೆ ಅಂತಾರೆ, ನಿಜಾನಾ?

ನಿಜ. ಯುವಿ-ಸಿ ನೇರ ಬಿದ್ರೆ ವೈರಿನ ಪ್ಲಾಸ್ಟಿಕ್, ರಬ್ಬರ್ ಗ್ಯಾಸ್ಕೆಟ್, ಸಿಂಥೆಟಿಕ್ ಫಿಲ್ಟರ್, ಬೆಲ್ಟು ಎಲ್ಲಾ ಕೆಲವು ತಿಂಗಳಲ್ಲೇ ಬಿರುಕು ಬಿಡೋಕೆ ಶುರು. ವೈರನ್ನ ಲೋಹದ ಪೈಪೊಳಗೆ ಹಾಯಿಸಿ, ಪ್ಲಾಸ್ಟಿಕ್ ಡ್ರೈನ್ ಪ್ಯಾನ್ ಇದ್ರೆ ಸ್ಟೀಲಿಗೆ ಬದಲಾಯಿಸಿ, ಫಿಲ್ಟರ್ ಕಡೆಗೆ ಬೆಳಕು ಹೋಗದ ಹಾಗೆ ಅಡ್ಡ ತಗಡು ಕೊಡಿ. ಅಲ್ಯೂಮಿನಿಯಂ, ತಾಮ್ರ, ಸ್ಟೀಲಿಗೆ ಏನೂ ಆಗಲ್ಲ.

ಹಾಕಿದ್ಮೇಲೆ ಒಂಥರಾ ಘಾಟು ವಾಸನೆ ಬರ್ತಿದೆ, ಓಝೋನಾ?

ಇರಬಹುದು. ಕೆಲವು ಟ್ಯೂಬು 254ರ ಜೊತೆ 185 ನ್ಯಾನೋಮೀಟರ್ ಕೂಡ ಬಿಡುತ್ತವೆ, ಅದು ಗಾಳೀಲಿರೋ ಆಮ್ಲಜನಕವನ್ನ ಓಝೋನ್ ಮಾಡುತ್ತೆ, ಶ್ವಾಸಕೋಶಕ್ಕೆ ಒಳ್ಳೇದಲ್ಲ, ಉಬ್ಬಸ ಇರೋರಿಗೆ ಇನ್ನೂ ಕಷ್ಟ. ಜನ ಇರೋ ಬಿಲ್ಡಿಂಗಿಗೆ ಓಝೋನ್ ಬಿಡದ ಟ್ಯೂಬೇ ಹಾಕ್ಬೇಕು, ಅದರ ಗಾಜೇ 185ನ್ನ ಒಳಗೇ ತಡೆಯೋ ಥರ ಮಾಡಿರ್ತಾರೆ. ವಾಸನೆ ಬರ್ತಿದ್ರೆ ಆಫ್ ಮಾಡಿ, ಟ್ಯೂಬಿನ ಮೇಲಿನ ನಂಬರ್ ಹಾಕಿದೋರಿಗೆ ಕಳಿಸಿ ಕೇಳಿ.

## ಸ್ವಲ್ಪ ಆಳಕ್ಕೆ ಹೋಗೋರಿಗೆ

ಕೆಲಸ ಮಾಡ್ತಿದೆ ಅಂತ ಪ್ರೂಫ್ ಏನು?

ಮೂರು ಕಡೆ ನೋಡ್ಬಹುದು. ಯುವಿ-ಸಿ ಮೀಟರಲ್ಲಿ ಕಾಯಿಲ್ ಮೂಲೆಗಳಲ್ಲಿ ಅಳೀಬೇಕು, ಮಧ್ಯದಲ್ಲಿ ಅಳೆದು ಖುಷಿಪಡೋದಲ್ಲ, ಮೂಲೇಲೇ ಕಮ್ಮಿ ಇರೋದು. ಕಾಯಿಲ್ ಆಚೆ ಈಚೆ ಗಾಳಿ ಒತ್ತಡದ ವ್ಯತ್ಯಾಸ ಹಾಕೋ ಮುಂಚೆ ಒಂದ್ಸಲ, ಮೂರು ತಿಂಗಳಾದ ಮೇಲೆ ಒಂದ್ಸಲ ಬರೆದಿಟ್ರೆ ಕೊಳೆ ಕರಗ್ತಿದೆಯಾ ಗೊತ್ತಾಗುತ್ತೆ. ಆಸ್ಪತ್ರೆ ಆದ್ರೆ ಕಾಯಿಲ್, ಪ್ಯಾನಿಂದ ಸ್ವಾಬ್ ತೆಗೆದು ಲ್ಯಾಬಲ್ಲಿ ಕಲ್ಚರ್ ಮಾಡ್ಸಿ, ಮೊದಲೂ ನಂತರವೂ.

ದೊಡ್ಡ ಮಟ್ಟದ ಸಾಕ್ಷಿ ಬೇಕಂದ್ರೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಮೂರು ಆಫೀಸ್ ಬಿಲ್ಡಿಂಗಲ್ಲಿ ಮಾಡಿದ ಅಧ್ಯಯನ 2003ರಲ್ಲಿ ಬಂತು. ಕಾಯಿಲ್, ಡ್ರೈನ್ ಪ್ಯಾನ್ ಮೇಲೆ ಯುವಿ ಹಾಕಿ ಕೆಲವು ವಾರ ಆನ್, ಕೆಲವು ವಾರ ಆಫ್ ಮಾಡಿದ್ರು, ಯಾವಾಗ ಆನ್ ಅಂತ ಕೆಲಸದೋರಿಗೆ ಹೇಳಲಿಲ್ಲ. ಬೆಳಕು ಬಿದ್ದ ಜಾಗದಲ್ಲಿ ಕ್ರಿಮಿ 99 ಪರ್ಸೆಂಟ್ ಇಳೀತು, ಆಫೀಸಲ್ಲಿದ್ದಾಗ ಮೂಗು ಕಟ್ಟೋದು, ಗಂಟಲು ಕೆರೆತ, ಉಸಿರಿನ ತೊಂದರೆ ಅಂತ ಹೇಳ್ಕೊಳ್ಳೋರೂ ಕಮ್ಮಿ ಆದ್ರು. ನಾನು ಕಾಯಿಲ್ ಯುವಿ ಪರ ಮಾತಾಡೋಕೆ ಇದೇ ದೊಡ್ಡ ಆಧಾರ.

ಎಲ್ಲಾ ಕ್ರಿಮಿನೂ ಒಂದೇ ಸಮ ಸಾಯ್ತಾವಾ?

ಇಲ್ಲ. ಇ-ಕೊಲೈ ಥರದ ಸಾದಾ ಬ್ಯಾಕ್ಟೀರಿಯ ಬೇಗ ಸಾಯುತ್ತೆ, ಟಿಬಿ ಬ್ಯಾಕ್ಟೀರಿಯ ಅದಕ್ಕಿಂತ ಗಟ್ಟಿ, ಬೀಜಕ (ಗಟ್ಟಿ ಕವಚದ ಸ್ಪೋರ್) ಮಾಡ್ಕೊಳ್ಳೋ ಬ್ಯಾಸಿಲಸ್ ಜಾತಿ ಇನ್ನೂ ಗಟ್ಟಿ, ಕಪ್ಪು ಬೂಷ್ಟಿನ ಬೀಜಕಕ್ಕೆ ಅದರ ಬಣ್ಣವೇ ರಕ್ಷಣೆ. ಗಾಳೀಲಿ ತೇಲೋ ಬ್ಯಾಕ್ಟೀರಿಯಕ್ಕೆ ತೇವಾಂಶ 70 ಪರ್ಸೆಂಟ್ ದಾಟಿದ್ರೆ ಯುವಿ ಪರಿಣಾಮ ಇಳಿಯುತ್ತೆ, ಕಾಯಿಲ್ ದಾಟಿದ ಗಾಳಿ ಯಾವಾಗಲೂ ತೇವವೇ. ಕೆಲವು ಬ್ಯಾಕ್ಟೀರಿಯ ಅರ್ಧಂಬರ್ಧ ಡೋಸ್ ತಗೊಂಡು ಆಮೇಲೆ ಮಾಮೂಲಿ ಬೆಳಕಿಗೆ ಬಂದ್ರೆ ಡಿಎನ್‌ಎ ರಿಪೇರಿ ಮಾಡ್ಕೊಳ್ಳುತ್ತವೆ ಕೂಡ. ದಿನಗಟ್ಟಲೆ ಬೆಳಕು ಬೀಳೋ ಕಾಯಿಲ್ ಮೇಲೆ ಈ ಯಾವ ತಕರಾರೂ ದೊಡ್ಡದಲ್ಲ, ಕಾಲು ಸೆಕೆಂಡಲ್ಲಿ ಹಾದು ಹೋಗೋ ಗಾಳಿಗೆ ಎಲ್ಲವೂ ದೊಡ್ಡದೇ.

ತಣ್ಣನೆ ಗಾಳಿ ಬಡಿದ್ರೆ ಟ್ಯೂಬ್ ಪವರ್ ಕಮ್ಮಿ ಆಗುತ್ತಂತೆ?

ಹೌದು. ಮಾಮೂಲಿ ಪಾದರಸದ ಟ್ಯೂಬ್ ಚೆನ್ನಾಗಿ ಕೆಲಸ ಮಾಡೋದು ಅದರ ಮೈ 40 ಡಿಗ್ರಿ ಸುಮಾರು ಇದ್ದಾಗ. ಕಾಯಿಲಿಂದ ಬರೋ 12, 13 ಡಿಗ್ರಿ ಗಾಳಿ ಜೋರಾಗಿ ಬೀಸಿದ್ರೆ ಮೈ ತಣ್ಣಗಾಗಿ ಯುವಿ-ಸಿ ಗಣನೀಯವಾಗಿ ಇಳಿಯುತ್ತೆ. ಕೊಟೇಶನ್‌ನಲ್ಲಿ ಬರೆದಿರೋ ವ್ಯಾಟ್ ನಿಂತ ಗಾಳೀಲಿ ಅಳೆದಿದ್ದಾ, ಓಡೋ ತಣ್ಣನೆ ಗಾಳೀಲಿ ಅಳೆದಿದ್ದಾ ಅಂತ ಕೇಳಿ. ಇದಕ್ಕಂತಲೇ ಅಮಾಲ್ಗಂ (ಪಾದರಸದ ಮಿಶ್ರಲೋಹ) ಟ್ಯೂಬು, ಮೇಲೆ ಕ್ವಾರ್ಟ್ಜ್ ಕವಚ ಇರೋ ಟ್ಯೂಬು ಸಿಗುತ್ತೆ.

ಕೂಲಿಂಗ್ ಟವರಿಂದ ಲೀಜಿಯೋನೆಲ್ಲಾ ಬರುತ್ತೆ ಅಂತ ಓದಿದೆ, ಏಎಚ್‌ಯು ಯುವಿ ಅದನ್ನ ತಡೆಯುತ್ತಾ?

ತಡೆಯಲ್ಲ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದೋರಲ್ಲಿ ಹತ್ತಾರು ಜನ ಸತ್ತಾಗಲೇ ಲೀಜಿಯೋನೆಲ್ಲಾ ಬ್ಯಾಕ್ಟೀರಿಯದಿಂದ ಬರೋ ಈ ನ್ಯುಮೋನಿಯಾ ಕಾಯಿಲೆ ಬೆಳಕಿಗೆ ಬಂದಿದ್ದು, ಮರುವರ್ಷ ಬ್ಯಾಕ್ಟೀರಿಯ ಗೊತ್ತಾಯ್ತು. ಅದು ಉಗುರುಬೆಚ್ಚಗಿನ ನಿಂತ ನೀರಲ್ಲಿ ಬೆಳೆಯೋದು, ಏಸಿ ಪ್ಲಾಂಟಿನ ಬಿಸಿನೀರು ತಣ್ಣಗೆ ಮಾಡೋ ಕೂಲಿಂಗ್ ಟವರಿಂದ ಹಾರೋ ಸಣ್ಣ ಹನೀಲಿ ಬರುತ್ತೆ. ಟವರ್ ನೀರಿಗೆ ಕೆಮಿಕಲ್ ಟ್ರೀಟ್‌ಮೆಂಟ್, ನಿಯಮಿತ ತೊಳೆಯೋದು, ಹನಿ ತಡೆಯೋ ಡ್ರಿಫ್ಟ್ ಎಲಿಮಿನೇಟರ್ ಇವೇ ಮದ್ದು. ಮತ್ತೆ ತಾಜಾ ಗಾಳಿ ಎಳೆಯೋ ಬಾಯಿ ಟವರ್ ಪಕ್ಕ ಇರಬಾರದು, ಟೆರೇಸ್ ಹತ್ತಿ ನೋಡಿ, ಜಾಗ ಇಲ್ಲ ಅಂತ ಎರಡನ್ನೂ ಒಂದೇ ಮೂಲೇಲಿ ಇಟ್ಟಿರ್ತಾರೆ.

ಕೆಮ್ಮಿನ ಪೇಷಂಟ್ ಕಾಯೋ ಹಾಲಿಗೆ ಗೋಡೆ ಮೇಲ್ಗಡೆ ಹಾಕೋ ಯುವಿ ಒಳ್ಳೇದಾ ಮೇಡಂ ಕೇಳ್ತಿದ್ರು.

ಡಾಕ್ಟರ್ ಮೇಡಂಗೆ ಹೇಳಿ, ಅದು ಒಳ್ಳೇ ಪ್ರಶ್ನೆ. ಒಂದೇ ರೂಮಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹರಡೋದನ್ನ ಡಕ್ಟ್ ಯುವಿ ತಡೆಯಲ್ಲ, ಗಾಳಿ ಡಕ್ಟಿಗೆ ಹೋಗೋ ಮುಂಚೆನೇ ಪಕ್ಕದೋರು ಉಸಿರಾಡಿರ್ತಾರೆ. ಅದಕ್ಕೆ ಏಳು ಅಡಿಗಿಂತ ಮೇಲೆ, ಬೆಳಕು ಅಡ್ಡಡ್ಡ ಮಾತ್ರ ಹೋಗೋ ಹಾಗೆ ರೆಕ್ಕೆಗಳಿರೋ ಫಿಕ್ಸ್ಚರ್ ಹಾಕ್ತಾರೆ, ಮೇಲೆ ಏರಿದ ಗಾಳಿ ಅಲ್ಲಿ ಶುದ್ಧ ಆಗಿ ಕೆಳಗಿಳಿಯುತ್ತೆ. ಚಾವಣಿ ಎತ್ತರ ಬೇಕು, ಗಾಳಿ ಮೇಲೆ ಕೆಳಗೆ ತಿರುಗೋಕೆ ಫ್ಯಾನ್ ಬೇಕು, ಕೂತೋರ ಕಣ್ಣಿನ ಮಟ್ಟದಲ್ಲಿ ಮೀಟರ್ ಹಿಡಿದು ಅಳೆದ ಮೇಲೇ ಜನರನ್ನ ಬಿಡ್ಬೇಕು. ಆ ಹಾಲಿಗೆ ಎದುರುಬದುರು ಕಿಟಕಿ ಇದ್ರೆ ಮೊದಲು ಅವನ್ನ ತೆಗೆಸಿ, ಅದರ ಮುಂದೆ ಬೆಂಚು ಹಾಕ್ಸಿ.

ಎಲ್‌ಇಡಿ ಯುವಿ, 222 ನ್ಯಾನೋಮೀಟರ್ ಯುವಿ ಬಂದಿದೆಯಂತೆ, ಕಾಯೋದಾ ಈಗ್ಲೇ ಹಾಕ್ಸೋದಾ?

ಎಲ್‌ಇಡಿ 265ರಿಂದ 280ರ ಮಧ್ಯೆ ಬರುತ್ತೆ, ಪಾದರಸ ಇಲ್ಲ, ತಕ್ಷಣ ಆನ್ ಆಗುತ್ತೆ, ತಂಪಲ್ಲಿ ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಕೊಟ್ಟ ಕರೆಂಟಲ್ಲಿ ಯುವಿ ಆಗಿ ಬರೋ ಪಾಲು ಪಾದರಸದ ಟ್ಯೂಬಿಗಿಂತ ತುಂಬಾ ಕಮ್ಮಿ, ದೊಡ್ಡ ಕಾಯಿಲಿಗೆ ಇನ್ನೂ ದುಬಾರಿ. 222 ನ್ಯಾನೋಮೀಟರಿನದು ಚರ್ಮದ ಮೇಲಿನ ಸತ್ತ ಪದರದಲ್ಲೇ ನಿಂತುಹೋಗುತ್ತೆ, ಹಾಗಾಗಿ ಜನ ಇರೋ ರೂಮಲ್ಲಿ ಮಿತಿಯೊಳಗೆ ಬಳಸೋಕೆ ಅಂತ ಬಂದಿರೋದು. ಅದೂ ಸ್ವಲ್ಪ ಓಝೋನ್ ಮಾಡುತ್ತೆ, ಗಾಳಿ ಬದಲಾವಣೆ ಇಲ್ದ ರೂಮಿಗೆ ಬೇಡ. ಬಾಗಿಲು ಮುಚ್ಚಿರೋ ಏಎಚ್‌ಯು ಒಳಗೆ ಮನುಷ್ಯರೇ ಇಲ್ವಲ್ಲ, ಅಲ್ಲಿಗೆ 254ರ ಟ್ಯೂಬೇ ಸಾಕು, ಕಾಯೋ ಅಗತ್ಯ ಇಲ್ಲ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಕಾಯಿಲ್ ಪೂರ್ತಿ ತೊಳೆಸಿ, ಡ್ರೈನ್ ಪೈಪ್ ಬಿಡಿಸಿ, ಪ್ಯಾನಿನ ಇಳಿಜಾರು ಸರಿ ಮಾಡ್ಸಿ ಆಮೇಲೆ ಟ್ಯೂಬ್ ಕೂರಿಸಿ. ಹಳೇ ಲೋಳೆ ಮೇಲೇ ಲೈಟ್ ಬಿಟ್ರೆ ಮೇಲಿನ ಪದರ ಒಣಗಿ, ಪುಡಿಯಾಗಿ, ಮೊದಲ ವಾರ ಡಕ್ಟಿಂದ ರೂಮಿಗೆ ಬರುತ್ತೆ.